ಹೊಸ್ತಿಲ ಹೊರಗಿನ ಏಳಡಿ ಗೋಡೆ

ಬೆಂಗಳೂರಿನ ಹನುಮಂತನಗರದಲ್ಲಿ ನಾವು ಮೊದಲನೆಯ ಮಹಡಿಯಲ್ಲಿ ವಾಸವಾಗಿದ್ದೇವೆ. ಮೆಟ್ಟಿಲು ಹತ್ತಿ ಗ್ರಿಲ್ ಗೇಟು ದಾಟಿದರೆ ನಾಲ್ಕಡಿ ಅಗಲ, ಏಳಡಿ ಉದ್ದದ ಸಣ್ಣ ವರಾಂಡವಿದ್ದು, ಅದರ ಆ ತುದಿಯಲ್ಲಿ ಮನೆಯ ಮುಂಬಾಗಿಲಿದೆ. ಅತ್ತೆ, ಮಾವ, ನನ್ನ ಪತಿ, ನಾನು, ಶಾಲೆಗೆ ಹೋಗುವ ಮಗ ಮತ್ತು ಮಗಳು, ಹೀಗೆ ಆರು ಜನರ ಚಪ್ಪಲಿ, ಶೂಗಳು, ಎರಡು ಹೆಲ್ಮೆಟ್, ಛತ್ರಿ, ರೇನ್‌ಕೋಟುಗಳಿಗೆಲ್ಲ ಇರುವ ಜಾಗ ಅದೊಂದೇ. ಈ ಜಾಗವನ್ನು ನಾನು ಎರಡು ಸಲ ಸಜ್ಜುಗೊಳಿಸಿದ್ದೇನೆ. ಮೊದಲ ಸಲ ಸೋತೆ. ಸೋತದ್ದು ಹೇಗೆಂಬುದನ್ನು ಮೊದಲು ಹೇಳಿದರೆ ಎರಡನೆಯ ಸಲ ಮಾಡಿದ್ದು ಏಕೆಂಬುದು ಸ್ಪಷ್ಟವಾಗುತ್ತದೆ.

ನಾಲ್ಕು ವರ್ಷಗಳ ಹಿಂದೆ ಅಂಗಡಿಯೊಂದರಿಂದ ಪಾರ್ಟಿಕಲ್ ಬೋರ್ಡಿನ ಸಿದ್ಧ ಶೂ ರ‍್ಯಾಕ್ ತಂದೆವು. ಇಪ್ಪತ್ತು ಜೊತೆ ಹಿಡಿಸುವಂಥದು, ಎರಡು ಮುಚ್ಚಿದ ಬಾಗಿಲು, ನೋಡಲು ಬಹಳ ಅಚ್ಚುಕಟ್ಟು. ಆರು ತಿಂಗಳು ಕಳೆಯುವಷ್ಟರಲ್ಲಿ ಅದರ ತಳದ ಅಂಚು ನೆನೆಸಿದ ಬಿಸ್ಕತ್ತಿನಂತೆ ಉಬ್ಬಿ, ಮೇಲಿನ ಲ್ಯಾಮಿನೇಟ್ ಸುಲಿದು, ಬಾಗಿಲಿನ ಹಿಂಜುಗಳ ಸ್ಕ್ರೂಗಳು ಹಿಡಿತ ಬಿಟ್ಟವು. ಮಳೆ ನೀರು ಒಳಗೆ ಬರುತ್ತಿಲ್ಲವಲ್ಲ, ಇದೇಕೆ ಹೀಗಾಯಿತು ಎಂದು ಬಹಳ ದಿನ ಯೋಚಿಸಿದೆ. ಕಾರಣ ದಿನವೂ ನನ್ನ ಕಣ್ಣೆದುರಿಗೇ ಇತ್ತು. ಬೆಳಿಗ್ಗೆ ಆರು ಗಂಟೆಗೆ ಅತ್ತೆ ಬಾಗಿಲಿಗೆ ನೀರು ಹಾಕಿ, ಹೊಸ್ತಿಲು ಸಾರಿಸಿ, ರಂಗೋಲಿ ಬಿಡುತ್ತಾರೆ. ಆ ನೀರು ನೆಲದ ಇಳಿಜಾರಿನಲ್ಲಿ ಹರಿದು ರ‍್ಯಾಕಿನ ತಳವನ್ನು ಮುಟ್ಟಿಯೇ ಹೊರಗೆ ಹೋಗುತ್ತಿತ್ತು. ಮರದ ಚೂರುಗಳನ್ನು ಅಂಟಿನಲ್ಲಿ ಒತ್ತಿ ಮಾಡಿದ ಈ ಬೋರ್ಡು ಅಂಚಿನಿಂದ ಒಮ್ಮೆ ನೀರು ಕುಡಿದು ಉಬ್ಬಿದರೆ, ಎಷ್ಟು ಒಣಗಿಸಿದರೂ ಮೊದಲಿನ ಸ್ಥಿತಿಗೆ ಬರುವುದಿಲ್ಲ. ನಿತ್ಯ ನೀರು ಬೀಳುವ ನಮ್ಮಂಥ ಮನೆಗಳ ಬಾಗಿಲ ಬಳಿ ಇದನ್ನು ಇಡಲೇಬಾರದು ಎಂದು ಈಗ ಕೇಳಿದವರಿಗೆಲ್ಲ ಹೇಳುತ್ತೇನೆ.

ಎರಡನೆಯ ತೊಂದರೆ ಅಕ್ಟೋಬರಿನಲ್ಲಿ ಗೊತ್ತಾಯಿತು. ಬೆಂಗಳೂರಿನಲ್ಲಿ ಸೆಪ್ಟೆಂಬರ್, ಅಕ್ಟೋಬರ್ ತಿಂಗಳುಗಳೇ ಹೆಚ್ಚು ಮಳೆಯ ಕಾಲ. ಮಕ್ಕಳು ಸಂಜೆ ನೆನೆದ ಶೂಗಳನ್ನು ಹಾಗೆಯೇ ಒಳಗಿಟ್ಟು ಬಾಗಿಲು ಮುಚ್ಚುತ್ತಿದ್ದರು. ಒಂದು ಭಾನುವಾರ ತೆರೆದು ನೋಡಿದರೆ ಪತಿಯ ಕಪ್ಪು ಚರ್ಮದ ಶೂಗಳ ಮೇಲೆ ಬೂದಿ ಎರಚಿದಂತೆ ಬೂಷ್ಟು ಹಿಡಿದಿತ್ತು. ಅವರ ಶೂ ನೆನೆದೇ ಇರಲಿಲ್ಲ. ಪಕ್ಕದಲ್ಲಿದ್ದ ಒದ್ದೆ ಶೂಗಳ ತೇವ ಹೊರಗೆ ಹೋಗಲು ದಾರಿಯಿಲ್ಲದೆ ಇದಕ್ಕೂ ತಗುಲಿತ್ತು. ಚೀಲಗಳಲ್ಲಿ ಬರುವ ಸಿಲಿಕಾ ಜೆಲ್ ಪೊಟ್ಟಣಗಳನ್ನು ಇಟ್ಟು ನೋಡಿದೆ, ಪ್ರಯೋಜನವಾಗಲಿಲ್ಲ. ದಿನಕ್ಕೆ ಹತ್ತು ಸಲ ಬಾಗಿಲು ತೆರೆಯುವ ಪೆಟ್ಟಿಗೆಯಲ್ಲಿ ಆ ಪುಟ್ಟ ಪೊಟ್ಟಣ ಒಂದೆರಡು ದಿನದಲ್ಲೇ ತೇವ ಹೀರಿ ಸುಮ್ಮನಾಗಿಬಿಡುತ್ತದೆ. ನುಸಿಗುಳಿಗೆ ವಾಸನೆಯನ್ನು ಮರೆಸುತ್ತದೆಯೇ ಹೊರತು ತೇವವನ್ನು ತೆಗೆಯುವುದಿಲ್ಲ. ಚಪ್ಪಲಿ ಸ್ಟ್ಯಾಂಡು ಎಂದರೆ ಎಷ್ಟು ಜೊತೆ ಹಿಡಿಸುತ್ತದೆ ಎಂಬ ಲೆಕ್ಕವಲ್ಲ, ಅದರೊಳಗೆ ಎಷ್ಟು ಗಾಳಿಯಾಡುತ್ತದೆ ಎಂಬ ಲೆಕ್ಕ ಎಂದು ಅಂದು ನನಗೆ ಮನವರಿಕೆಯಾಯಿತು.

ಹೊಸದನ್ನು ಮಾಡಿಸುವ ಮುನ್ನ ಒಂದು ವಾರ ಏನನ್ನೂ ಮುಟ್ಟದೆ ಸುಮ್ಮನೆ ಗಮನಿಸಿದೆ. ಯಾರು ಎಲ್ಲಿ ನಿಂತು ಚಪ್ಪಲಿ ಬಿಡುತ್ತಾರೆ, ಯಾರಿಗೆ ಕುಳಿತುಕೊಳ್ಳಬೇಕಾಗುತ್ತದೆ, ಕೈಯಲ್ಲಿ ಏನಿರುತ್ತದೆ ಎಂದು ಕ್ಯಾಲೆಂಡರಿನ ಹಿಂಬದಿಯಲ್ಲಿ ಗುರುತು ಹಾಕಿಕೊಂಡೆ. ಮಕ್ಕಳು ಗೇಟಿನಿಂದ ಎರಡು ಹೆಜ್ಜೆಗಿಂತ ಮುಂದೆ ಶೂ ಹಾಕಿಕೊಂಡು ಬರುತ್ತಲೇ ಇರಲಿಲ್ಲ, ಆದರೆ ರ‍್ಯಾಕ್ ಇದ್ದದ್ದು ಆ ತುದಿಯ ಮುಂಬಾಗಿಲ ಬಳಿ. ಅವರಿಗೆ ಬೈದು ಫಲವಿಲ್ಲ, ಜಾಗವನ್ನೇ ಅವರ ಕಾಲಿನ ಬಳಿಗೆ ತರಬೇಕು ಎಂದು ತೀರ್ಮಾನಿಸಿದೆ. ಆ ವಾರದಲ್ಲಿ ಕಂಡ ಇನ್ನೊಂದು ಸಂಗತಿ ನನ್ನ ಮನಸ್ಸನ್ನು ಬಹಳ ತಟ್ಟಿತು. ಗೋಡೆಯ ಮೇಲೆ ಎದೆಯೆತ್ತರದಲ್ಲಿ, ಸುಣ್ಣದ ಬಿಳುಪಿನ ನಡುವೆ ಅಂಗೈಯಗಲದ ಮಾಸಿದ ಗುರುತೊಂದಿತ್ತು. ಮಂಡಿನೋವಿರುವ ಅತ್ತೆ ದಿನವೂ ಅಲ್ಲಿ ಕೈಯೂರಿ, ಒಂಟಿ ಕಾಲಿನ ಮೇಲೆ ನಿಂತು ಚಪ್ಪಲಿಯ ಪಟ್ಟಿ ಬಿಗಿದುಕೊಳ್ಳುತ್ತಿದ್ದರು. ಕೆಳಗೆ ನೆಲ ಆಗತಾನೆ ಒರೆಸಿದ್ದು, ಒದ್ದೆ. ಇಷ್ಟು ವರ್ಷ ಆ ಗುರುತನ್ನು ನಾನು ಬರಿಯ ಕೊಳೆ ಎಂದುಕೊಂಡು ಒರೆಸುತ್ತಿದ್ದೆ.

ಮುಂದಿನ ಭಾನುವಾರ ಮನೆಯಲ್ಲಿದ್ದ ಪಾದರಕ್ಷೆಗಳನ್ನೆಲ್ಲ ತಾರಸಿಯ ಮೇಲೆ ಹಳೆಯ ಪೇಪರ್ ಹಾಸಿ ಸಾಲಾಗಿ ಇಟ್ಟೆವು. ಮಂಚದಡಿ, ಅಟ್ಟ, ಸ್ಕೂಟರಿನ ಡಿಕ್ಕಿಯಲ್ಲಿದ್ದವೂ ಸೇರಿ 41 ಜೊತೆಯಾದವು. ದಿನವೂ ಬಳಸುವುದು 12 ಜೊತೆ ಮಾತ್ರ. ಉಳಿದವುಗಳಲ್ಲಿ ಮಕ್ಕಳ ಕಾಲಿಗೆ ಚಿಕ್ಕದಾದವು, ಪಟ್ಟಿ ಕಿತ್ತವು, ‘ಮದುವೆಗೆ ಇರಲಿ’ ಎಂದು ಎತ್ತಿಟ್ಟವು ಇದ್ದವು. ಐದಾರು ವರ್ಷದಿಂದ ಡಬ್ಬದಲ್ಲಿ ಜೋಪಾನವಾಗಿದ್ದ ಪತಿಯ ಫಾರ್ಮಲ್ ಶೂಗಳನ್ನು ಅವರು ಹಾಕಿಕೊಂಡು ತಾರಸಿಯ ಮೇಲೆ ನಾಲ್ಕು ಹೆಜ್ಜೆ ನಡೆದರು. ನಡೆದಲ್ಲೆಲ್ಲ ಕಪ್ಪು ಪುಡಿ ಉದುರಿತು, ಐದನೆಯ ಹೆಜ್ಜೆಗೆ ಹಿಮ್ಮಡಿಯೇ ಕಳಚಿಕೊಂಡಿತು. ಮೇಲಿನ ಚರ್ಮ ಹೊಸದರಂತೆಯೇ ಇತ್ತು. ನಮ್ಮ ರಸ್ತೆಯ ತಿರುವಿನಲ್ಲಿ ಪೆಟ್ಟಿಗೆ ಅಂಗಡಿಯಿಟ್ಟುಕೊಂಡು ಚಪ್ಪಲಿ ದುರಸ್ತಿ ಮಾಡುವ ಹಿರಿಯರ ಬಳಿ ಒಯ್ದೆ. ಅವರು ಹೆಬ್ಬೆರಳಿನಿಂದ ಒತ್ತಿ ನೋಡಿ, “ಗಮ್ ಬಿಟ್ಟಿಲ್ಲ ಮೇಡಂ, ಸೋಲೇ ಪುಡಿಯಾಗಿದೆ. ಇದು ಹಾಕದೇ ಇಟ್ಟರೆ ಹೀಗೇ ಆಗೋದು” ಎಂದರು. ಪಾಲಿಯುರಿಥೇನ್ ಎಂಬ ಪ್ಲಾಸ್ಟಿಕ್ಕಿನ ಸೋಲುಗಳ ಗುಣವೇ ಅದು. ಗಾಳಿಯ ತೇವದಿಂದ ವರ್ಷಗಳ ಕಾಲ ನಿಧಾನವಾಗಿ ಕ್ಷಯಿಸುತ್ತ, ಬಳಸದಿದ್ದರೂ ಒಂದು ದಿನ ಉದುರಿಹೋಗುತ್ತವೆ. ಡಬ್ಬದಲ್ಲಿ ಮುಚ್ಚಿಟ್ಟು ಕಾಪಾಡಿದ್ದೇವೆಂಬುದು ನಮ್ಮ ಭ್ರಮೆಯಷ್ಟೆ. ಅವರು ರಬ್ಬರಿನ ಹೊಸ ಸೋಲು ಹಾಕಿ, ಸುತ್ತಲೂ ಹೊಲಿದುಕೊಟ್ಟರು. ಅವರ ಕೈಯಲ್ಲೇ ಇನ್ನೂ ಮೂರು ಜೊತೆ ದುರಸ್ತಿಯಾದವು. ಹನ್ನೊಂದು ಜೊತೆಗಳನ್ನು ಮನೆಯಿಂದ ಕಳುಹಿಸಿದೆವು. ಹಾಕಿಕೊಳ್ಳುವಂತಿದ್ದವನ್ನು ತೊಳೆದು, ಒಣಗಿಸಿ, ಜೊತೆಗೂಡಿಸಿ ಕಟ್ಟಿ ಕೊಟ್ಟೆವು. ಹರಿದದ್ದನ್ನು ಯಾರ ಕೈಗೂ ಕೊಡಬಾರದೆಂಬುದು ಮಾವನವರ ಮಾತು, ನನ್ನದೂ ಅದೇ.

ಆಮೇಲೆ ಟೇಪು ಹಿಡಿದೆ. ಪತಿಯ ಒಂಬತ್ತನೇ ನಂಬರಿನ ಶೂ ಹೊರಗಿನಿಂದ ಅಳೆದರೆ ಹತ್ತಿರ ಹತ್ತಿರ ಒಂದಡಿ ಉದ್ದ, ಎರಡೂ ಶೂ ಸೇರಿ ಎಂಟೂವರೆ ಇಂಚು ಅಗಲ. ಆದ್ದರಿಂದ ಹಲಗೆ ಹದಿನಾಲ್ಕು ಇಂಚು ಆಳವಿರಲಿ ಎಂದುಕೊಂಡೆ, ನಡೆದಾಡಲು ಎರಡೂಮುಕ್ಕಾಲು ಅಡಿ ಉಳಿಯುತ್ತಿತ್ತು. ಜಾಗ ಇನ್ನೂ ಇಕ್ಕಟ್ಟಾಗಿರುವ ಮನೆಗಳಲ್ಲಿ ಹಲಗೆಯನ್ನು ಓರೆಯಾಗಿ ಕೂರಿಸಿ ಹತ್ತೇ ಇಂಚಿನ ಆಳದಲ್ಲಿ ಮುಗಿಸಬಹುದು, ಆದರೆ ಆಗ ಪ್ರತಿ ಸಾಲಿಗೂ ಎತ್ತರ ಹೆಚ್ಚು ಬೇಕಾಗಿ ಸಾಲುಗಳ ಸಂಖ್ಯೆ ಕಡಿಮೆಯಾಗುತ್ತದೆ.

ಬಡಗಿಯವರೊಡನೆ ಕುಳಿತು ಏಳಡಿ ಗೋಡೆಯನ್ನು ಎರಡು ಭಾಗ ಮಾಡಿದೆ. ಗೇಟಿನ ಕಡೆಗೆ ಐದಡಿ ಉದ್ದದ, ಹದಿನೆಂಟು ಇಂಚು ಎತ್ತರದ ಕೂರುವ ಬೆಂಚು, ಅದರಡಿಯಲ್ಲಿ ಬಾಗಿಲಿಲ್ಲದ ಎರಡು ಸಾಲು. ಒಂದೊಂದರಲ್ಲಿ ಏಳೇಳು ಜೊತೆಯಂತೆ ದಿನಬಳಕೆಯ ಹನ್ನೆರಡೂ ಹಿಡಿದು ಎರಡು ಜೊತೆಯ ಜಾಗ ಉಳಿಯುತ್ತದೆ, ಅದನ್ನು ತುಂಬಿಸಬಾರದೆಂದು ಮನೆಯಲ್ಲಿ ಕಟ್ಟುನಿಟ್ಟು ಮಾಡಿದ್ದೇನೆ. ಕೆಳಗಿನ ಸಾಲಿಗೆ ಹಲಗೆಯ ಬದಲು ಸ್ಟೀಲ್ ಸರಳುಗಳು, ಒದ್ದೆಯಾದವು ಅಲ್ಲಿಯೇ ನೀರಿಳಿಯಬೇಕು. ಮನೆಬಾಗಿಲಿನ ಕಡೆಗೆ ಎರಡಡಿ ಅಗಲದ ಎತ್ತರದ ಬೀರು. ಮೇಲೆ ಹೆಲ್ಮೆಟ್, ನಡುವೆ ಅಪರೂಪಕ್ಕೆ ಬಳಸುವ ಶೂಗಳು, ಕೊನೆಯಲ್ಲಿ ಪಾಲಿಶ್, ಬ್ರಷ್ ಮತ್ತು ಬಟ್ಟೆ. ಬೀರುವಿಗೆ ಗಟ್ಟಿ ಬಾಗಿಲು ಬೇಡ, ಗಾಳಿಪಟ್ಟಿಗಳಿರುವ ಲೂವರ್ ಬಾಗಿಲೇ ಬೇಕು ಎಂದಾಗ ಬಡಗಿಯವರು ಒಪ್ಪಿ, “ಹಿಂದುಗಡೆ ಶೀಟಿಗೂ ತೂತು ಹೊಡೆಯೋಣ ಮೇಡಂ, ಮುಂದೆ ಒಂದೇ ಕಡೆ ಬಿಟ್ಟರೆ ಗಾಳಿ ಸುತ್ತಲ್ಲ” ಎಂದು ತಾವಾಗಿಯೇ ಸೇರಿಸಿದರು. ಪಡುವಣ ಮಳೆಯ ಎರಚಲಿಗೆ ಆ ಗೋಡೆ ತಣ್ಣಗಾಗುವುದರಿಂದ ಇಡೀ ರಚನೆಯನ್ನು ಗೋಡೆಯಿಂದ ಒಂದೂವರೆ ಇಂಚು ಬಿಟ್ಟು ನಿಲ್ಲಿಸಿದೆವು. ಪ್ಲೈವುಡ್ಡಿನ ವಿಷಯದಲ್ಲಿ ಮಾತ್ರ ನಾನು ಹಣ ಉಳಿಸಲು ಹೋಗಲಿಲ್ಲ. ಐ.ಎಸ್. 710 ಎಂಬ ಭಾರತೀಯ ಮಾನಕದ ಗುರುತಿರುವ, ನೀರು ತಾಳಿಕೊಳ್ಳುವ 18 ಮಿ.ಮೀ. ಮರೈನ್ ಪ್ಲೈ ತಂದು, ಕತ್ತರಿಸಿದ ಎಲ್ಲ ಅಂಚುಗಳಿಗೂ, ಕಣ್ಣಿಗೆ ಕಾಣದ ಕೆಳಗಿನ ಅಂಚುಗಳಿಗೂ ಸಹ, ಪಟ್ಟಿ ಹಚ್ಚಿಸಿದೆ. ಕೆಳಗೆ ನಾಲ್ಕಿಂಚಿನ ಸ್ಟೇನ್‌ಲೆಸ್ ಸ್ಟೀಲ್ ಕಾಲುಗಳು. ಅತ್ತೆಯವರು ಈಗ ಎಷ್ಟು ನೀರು ಹಾಕಿದರೂ ಅದು ಕೆಳಗಿನಿಂದ ಹರಿದುಹೋಗುತ್ತದೆ, ಕಡ್ಡಿಪೊರಕೆಯೂ ಸಲೀಸಾಗಿ ಒಳಗೆ ಹೋಗುವುದರಿಂದ ಜಿರಲೆಗೆ ಅಡಗಲು ಕತ್ತಲಿಲ್ಲ.

ಗೋಡೆಯ ಮೇಲೆ ಮಾಸಿದ ಗುರುತಿದ್ದಲ್ಲಿಯೇ ಒಂದು ಸ್ಟೀಲ್ ಹಿಡಿಕೆಯನ್ನು ಗೋಡೆಗೆ ಕೊರೆದು ಬಿಗಿಸಿದೆ. ಬೆಂಚಿನ ಮೇಲೆ ಕುಳಿತು ಏಳುವಾಗ ಕೈ ಚಾಚಿದರೆ ಸಿಗುವಷ್ಟು ಹತ್ತಿರ. “ಇದೊಂದು ಮೊದಲೇ ಇದ್ದಿದ್ದರೆ ಎಷ್ಟು ಚೆನ್ನಾಗಿತ್ತಮ್ಮ” ಎಂದು ಅತ್ತೆ ಹೇಳಿದ ಮಾತು ನನಗೆ ಇಡೀ ಕೆಲಸದ ಖರ್ಚಿಗಿಂತ ದೊಡ್ಡದೆನಿಸಿತು.

ಕಳೆದ ಮಳೆಗಾಲದಲ್ಲಿ ಒಣಗಿಸುವ ಕ್ರಮವೂ ರೂಢಿಗೆ ಬಂತು. ಸಂಜೆ ನೆನೆದು ಬಂದ ಮಕ್ಕಳ ಶೂಗಳಿಂದ ಒಳಗಿನ ಮೆತ್ತೆಯನ್ನು ಹೊರತೆಗೆದು, ಲೇಸು ಸಡಿಲಿಸಿ, ನಾಲಗೆಯನ್ನು ಮೇಲೆತ್ತಿ, ಮಾವನವರು ಹಿಂದಿನ ದಿನದ ಪೇಪರನ್ನು ಉಂಡೆ ಮಾಡಿ ತುರುಕುತ್ತಾರೆ. ಮಲಗುವ ಮುನ್ನ ಆ ಉಂಡೆಗಳನ್ನು ತೆಗೆದು ಹೊಸದನ್ನು ಹಾಕುವುದೇ ಇದರ ಗುಟ್ಟು, ಒದ್ದೆಯಾದ ಪೇಪರನ್ನು ಹಾಗೆಯೇ ಬಿಟ್ಟರೆ ಅದು ಹೀರುವುದನ್ನು ನಿಲ್ಲಿಸುತ್ತದೆ. ಕ್ಯಾನ್ವಾಸಿನ ಬಿಳಿ ಶೂಗಳು ಬಹುಮಟ್ಟಿಗೆ ಬೆಳಗಾಗುವುದರೊಳಗೆ ಒಣಗುತ್ತವೆ. ಚರ್ಮದವಕ್ಕೆ ಎರಡು ದಿನ ಬೇಕು. ಅವಸರಕ್ಕೆ ಅವನ್ನು ಬಿಸಿಲಿಗಾಗಲಿ ಒಲೆಯ ಬಳಿಯಾಗಲಿ ಇಟ್ಟರೆ ಚರ್ಮ ಬಿರಿಯುತ್ತದೆ, ಸೋಲಿನ ಅಂಟೂ ಸಡಿಲವಾಗುತ್ತದೆ. ಬೀರುವಿನಲ್ಲಿರುವ ಅಪರೂಪದ ಶೂಗಳನ್ನು ತಿಂಗಳಿಗೊಮ್ಮೆ ಹೊರತೆಗೆದು, ಒರೆಸಿ, ಮನೆಯೊಳಗೇ ಸ್ವಲ್ಪ ಹೊತ್ತು ಹಾಕಿಕೊಂಡು ಓಡಾಡುವುದು ಈಗ ಪತಿಯ ಪಾಲಿನ ಕೆಲಸ.

ನಮ್ಮ ಲೆಕ್ಕಕ್ಕೆ ಸಿಗದೆ ಉಳಿದದ್ದು ಹಬ್ಬದ ದಿನ. ವರಮಹಾಲಕ್ಷ್ಮಿಯಂದು ಸಂಜೆ ಅರಿಶಿನ-ಕುಂಕುಮಕ್ಕೆ ಬಂದವರ ಚಪ್ಪಲಿಗಳು ಮೆಟ್ಟಿಲುಗಳ ಮೇಲೆಲ್ಲ ಹರಡಿ, ವಯಸ್ಸಾದವರು ಇಳಿಯುವಾಗ ಎಡವುವಂತಾಯಿತು. ಎಷ್ಟು ದೊಡ್ಡ ಸ್ಟ್ಯಾಂಡು ಮಾಡಿಸಿದರೂ ಆ ಒಂದು ಸಂಜೆಗೆ ಸಾಲದು. ಆದ್ದರಿಂದ ತೆಂಗಿನ ನಾರಿನ ಉದ್ದನೆಯ ಹಾಸು ಎರಡನ್ನು ಸುರುಳಿ ಸುತ್ತಿ ಬೀರುವಿನ ಪಕ್ಕ ನಿಲ್ಲಿಸಿದ್ದೇನೆ. ಹಬ್ಬದ ಮಧ್ಯಾಹ್ನ ಅವನ್ನು ಕೆಳಗಿನ ಗೇಟಿನೊಳಗೆ, ಗೋಡೆಯ ಮಗ್ಗುಲಿಗೆ ಬಿಚ್ಚಿ ಹಾಸಿ, ನಮ್ಮವೇ ಎರಡು ಜೊತೆ ಚಪ್ಪಲಿಗಳನ್ನು ಮೊದಲು ಅಲ್ಲಿ ಜೋಡಿಸಿಡುತ್ತೇವೆ. ಬಂದವರು ಅದನ್ನು ನೋಡಿ ತಮ್ಮವನ್ನೂ ಅದರ ಪಕ್ಕದಲ್ಲೇ ಬಿಟ್ಟು ಮೇಲೆ ಬರುತ್ತಾರೆ.