ಅಂಗಡಿ ಕೆಲಸಕ್ಕೆ ಒಂದೇ ಪುಟ

ಮಂಡ್ಯದಲ್ಲಿ ನನ್ನದೊಂದು ಜೆರಾಕ್ಸ್ ಅಂಗಡಿ. ಬೆಳಿಗ್ಗೆ ಶಟರ್ ಎತ್ತುವಷ್ಟರಲ್ಲಿ ಪಹಣಿಗೆ ಇಬ್ಬರು, ಜಾತಿ ಪ್ರಮಾಣಪತ್ರಕ್ಕೆ ಒಬ್ಬರು ಕಾದಿರುತ್ತಾರೆ. ಪ್ರತಿ ಸಲ ತಾಣ ಹುಡುಕುತ್ತಾ ಕೂತರೆ ಆಗಲ್ಲ, ಅಲ್ವಾ? ಅದಕ್ಕೇ ಬೇಕಾದ್ದನ್ನೆಲ್ಲ ಒಂದೇ ಪುಟದಲ್ಲಿ ಜೋಡಿಸಿಕೊಂಡಿದ್ದೇನೆ. ಇದಕ್ಕೆ ವೈಯಕ್ತಿಕ ಪೋರ್ಟಲ್ ಅಂತಾರೆ. ಹೊಸದೇನಲ್ಲ, ಯಾಹೂ ಕಂಪನಿಯ ಇಂಥದ್ದೇ ಪುಟ ಮೈ ಯಾಹೂ 1996ರಲ್ಲೇ ಬಂದಿತ್ತು.

ಸ್ಟಾರ್ಟ್.ಮಿ ತಾಣದಲ್ಲಿ ಇಮೇಲ್ ಕೊಟ್ಟು ಖಾತೆ ತೆರೆಯಿರಿ. ಪುಟಕ್ಕೆ ಒಂದೊಂದೇ ವಿಜೆಟ್, ಅಂದರೆ ಸಣ್ಣ ಚೌಕ, ಸೇರಿಸುತ್ತಾ ಹೋಗಿ. ನನ್ನ ಪುಟದ ಎಡಗಡೆ ಭೂಮಿ, ನಾಡಕಚೇರಿ, ಸೇವಾ ಸಿಂಧು ಎಂಬ ಸರ್ಕಾರಿ ತಾಣಗಳ ಲಿಂಕುಗಳಿವೆ. ಮಧ್ಯೆ ಹವಾಮಾನ. ಬಲಗಡೆ ಸುದ್ದಿಯ ಫೀಡ್. ಪತ್ರಿಕೆಯ ಫೀಡ್ ವಿಳಾಸ ಒಮ್ಮೆ ಹಾಕಿದರೆ ಸಾಕು, ಹೊಸ ಸುದ್ದಿ ತಾನಾಗೇ ಬಂದು ಬೀಳುತ್ತದೆ. ಮಳೆಗಾಲದಲ್ಲಿ ನನ್ನ ಕಣ್ಣು ಮೊದಲು ಹೋಗೋದು ಅಲ್ಲಿಗೇ. ಕೆಆರ್‌ಎಸ್ ಅಣೆಕಟ್ಟು ತುಂಬಿ 124.80 ಅಡಿ ಮುಟ್ಟಿತಾ ಅಂತ ಬಂದ ರೈತರೆಲ್ಲ ಕೇಳುತ್ತಾರೆ.

ಸುಮ್ನೆ ಜಾಸ್ತಿ ತುಂಬಬೇಡಿ. ವಾರಕ್ಕೊಮ್ಮೆಯೂ ಮುಟ್ಟದ ಚೌಕವನ್ನು ತೆಗೆದುಬಿಡಿ. ಆಮೇಲೆ ಬ್ರೌಸರ್ ಸೆಟ್ಟಿಂಗ್ಸ್‌ಗೆ ಹೋಗಿ ಇದನ್ನೇ ಆರಂಭದ ಪುಟ ಮಾಡಿ.

ಟಿಪ್ಪಣಿ ಚೌಕದಲ್ಲಿ ಗಿರಾಕಿಗಳ ಆಧಾರ್ ಸಂಖ್ಯೆ, ಪಾಸ್‌ವರ್ಡ್ ಬರೆಯಲೇಬೇಡಿ. ಅವರು ನಮ್ಮನ್ನು ನಂಬಿ ಕೊಟ್ಟಿರುತ್ತಾರೆ.

ಗೂಗಲ್‌ನ ಇಂಥದ್ದೇ ಪುಟ ಐಗೂಗಲ್ 2013ರ ನವೆಂಬರ್ 1ಕ್ಕೆ ನಿಂತಿತು. ಇಂಥ ಸೇವೆ ಯಾವಾಗ ಬೇಕಾದರೂ ಮುಚ್ಚಬಹುದು. ಹಾಗಾಗಿ ತಿಂಗಳಿಗೊಮ್ಮೆ ಲಿಂಕುಗಳನ್ನೆಲ್ಲ ಒಂದು ಫೈಲಿಗೆ ಕಾಪಿ ಮಾಡಿ ಪೆನ್‌ಡ್ರೈವ್‌ಗೆ ಹಾಕಿಡುತ್ತೇನೆ.