ಸತ್ತ ಕೊಂಬೆಯ ಮೇಲಿನ ಕಿವಿ ಅಣಬೆ ಗುರುತಿಸುವುದು

ಮಳೆಗಾಲದಲ್ಲಿ ತೋಟದ ಸತ್ತ ಕೊಂಬೆಗಳ ಮೇಲೆ ಕಂದು ಬಣ್ಣದ, ಥೇಟ್ ಕಿವಿಯ ಹಾಗಿರುವ ಅಣಬೆ ಕಂಡರೆ ಸುಮ್ನೆ ದಾಟಿ ಹೋಗಬೇಡಿ. ಅದು ಬಹುಪಾಲು ಆರಿಕ್ಯುಲೇರಿಯಾ, ಜೆಲ್ಲಿಯ ಹಾಗೆ ಮೆತ್ತಗಿರುವ 'ಜೆಲ್ಲಿ ಅಣಬೆ'ಗಳಲ್ಲಿ ಒಂದು.

ಮೊದಲು ಮುಟ್ಟಿ ನೋಡಿ. ಒದ್ದೆ ಇದ್ದಾಗ ನಮ್ಮ ಕಿವಿಯ ಹಾಲೆಯಷ್ಟೇ ಮೆತ್ತಗಿರುತ್ತದೆ, ಬಾಗಿಸಿದರೂ ಮುರಿಯುವುದಿಲ್ಲ. ಒಂದು ಬದಿ ನುಣುಪು, ಇನ್ನೊಂದು ಬದಿ ಸಣ್ಣ ರೋಮ. ಕೊಡೆಯಂಥ ಅಣಬೆಯ ಅಡಿಯಲ್ಲಿ ಕಾಣುವ ತೆಳು ಪದರಗಳು ಇದಕ್ಕೆ ಇರುವುದಿಲ್ಲ. ಬಿಸಿಲಿಗೆ ಒಣಗಿ ಗಟ್ಟಿಯಾದ ಚೂರನ್ನು ನೀರಲ್ಲಿ ಹಾಕಿಡಿ, ಉಬ್ಬಿ ಮತ್ತೆ ಮೆತ್ತಗಾಗುತ್ತದೆ. ನನಗೆ ಇದನ್ನು ನೋಡುವುದೇ ಒಂದು ಖುಷಿ!

ಪುಟ್ಟ ಸೌಟಿನ ಆಕಾರದ ಹಳದಿ ಬಣ್ಣದ್ದು ಸಿಕ್ಕರೆ ಅದು ಬೇರೆ, ಡ್ಯಾಕ್ರಿಯೊಪಿನಾಕ್ಸ್ ಎಂಬ ಇನ್ನೊಂದು ಜೆಲ್ಲಿ ಅಣಬೆ ಇರಬಹುದು.

ನಿಮಗೆ ಸಿಕ್ಕ ಅಣಬೆ ಯಾವುದು ಅಂತ ಇಲ್ಲಿ ಕೇಳುವಾಗ ಅದರ ಎರಡೂ ಬದಿಯ ಫೋಟೋ ಹಾಕಿ, ಯಾವ ಮರ ಅಂತಲೂ ಹೇಳಿ. ಬರೀ ಫೋಟೋ ನಂಬಿ ಅಡುಗೆಗೆ ಮಾತ್ರ ಹಾಕಬೇಡಿ.