ಬಿಲ್ಲಿನಲ್ಲಿ ಕಾಣದ ಕ್ಯಾಲೊರಿ: ದರ್ಶಿನಿಯಲ್ಲಿ ತಿಂದದ್ದಕ್ಕೆ ಲೆಕ್ಕವಿಡುವುದು ಹೇಗೆ?

ಹತ್ತು ಅಥವಾ ಅದಕ್ಕಿಂತ ಹೆಚ್ಚು ಕಡೆ ಮಳಿಗೆಗಳಿರುವ ಹೋಟೆಲುಗಳು ಮೆನುವಿನಲ್ಲಿ ತಿನಿಸಿನ ಕ್ಯಾಲೊರಿಯನ್ನು ನಮೂದಿಸಬೇಕೆಂದು ಭಾರತೀಯ ಆಹಾರ ಸುರಕ್ಷತೆ ಮತ್ತು ಗುಣಮಟ್ಟ ಪ್ರಾಧಿಕಾರದ 2020ರ ನಿಯಮಾವಳಿ ಹೇಳುತ್ತದೆ. ಕಚೇರಿಗೆ ಹೋಗುವ ದಾರಿಯಲ್ಲಿ ನಿಂತು ತಿನ್ನುವ ಬೀದಿ ಮೂಲೆಯ ದರ್ಶಿನಿಯ ಫಲಕದಲ್ಲಿ ಸಾಮಾನ್ಯವಾಗಿ ಇರುವುದು ದರ ಮಾತ್ರ. ಅಲ್ಲಿ ಲೆಕ್ಕವನ್ನು ನಾವೇ ಹಾಕಿಕೊಳ್ಳಬೇಕು.

ಅದರ ಸಿದ್ಧತೆ ಮನೆಯಲ್ಲೇ ಆಗಬೇಕು. ಒಂದು ಟೀ ಚಮಚ ಎಣ್ಣೆ ಅಥವಾ ತುಪ್ಪದಲ್ಲಿ 40ರಿಂದ 45 ಕ್ಯಾಲೊರಿ, ಅಷ್ಟೇ ಸಕ್ಕರೆಯಲ್ಲಿ ಸುಮಾರು 20, ಒಂದು ಸಾಧಾರಣ ಇಡ್ಲಿಯಲ್ಲಿ 50ರಿಂದ 60, 150 ಗ್ರಾಂ ಅನ್ನದಲ್ಲಿ ಸುಮಾರು 200 ಎಂಬಷ್ಟು ನೆನಪಿದ್ದರೆ ಸಾಕು. ಅನ್ನವನ್ನು ಒಮ್ಮೆ ತಕ್ಕಡಿಯಲ್ಲಿ ತೂಗಿ, ತಟ್ಟೆಗೆ ಹಾಕಿ, ಅದು ಎಷ್ಟು ಜಾಗ ಹಿಡಿಯುತ್ತದೆಂದು ನೋಡಿಟ್ಟುಕೊಂಡರೆ ಹೋಟೆಲಿನ ಊಟದಲ್ಲಿ ಕಣ್ಣಳತೆ ಅಷ್ಟಾಗಿ ತಪ್ಪುವುದಿಲ್ಲ.

ದರ್ಶಿನಿಯ ದೊಡ್ಡ ಅನುಕೂಲವೆಂದರೆ ಬಹಳಷ್ಟು ಕಡೆ ಕಾವಲಿ ಕಣ್ಣೆದುರಿಗೇ ಇರುತ್ತದೆ. ಟೋಕನ್ ಕೊಟ್ಟು ಕಾಯುವಾಗ ಮೊಬೈಲ್ ನೋಡುವ ಬದಲು ಭಟ್ಟರ ಕೈ ನೋಡಿ. ಮಸಾಲೆ ದೋಸೆಗಾದರೆ, ನೀರು ಚಿಮುಕಿಸಿ, ಪೊರಕೆಯಿಂದ ಗುಡಿಸಿ, ಹಿಟ್ಟು ಹುಯ್ದು ತಿರುವಿದ ಮೇಲೆ ಸುತ್ತಲೂ ಎಣ್ಣೆ ಬೀಳುತ್ತದೆ. ಕೆಂಪು ಚಟ್ನಿ ಸವರಿ ಪಲ್ಯ ಇಡುವ ಹೊತ್ತಿಗೆ ಬೆಣ್ಣೆಯೋ ತುಪ್ಪವೋ ಬರುತ್ತದೆ. ಹಿಟ್ಟು, ಪಲ್ಯ ಎರಡರಿಂದ ಸುಮಾರು 250 ಕ್ಯಾಲೊರಿ ಎಂದಿಟ್ಟುಕೊಂಡರೂ ಮೂರು ಟೀ ಚಮಚದಷ್ಟು ಜಿಡ್ಡು ಸೇರಿದಾಗ ಮಸಾಲೆ ದೋಸೆ 380ರ ಆಸುಪಾಸಿಗೆ ಬರುತ್ತದೆ. ಕ್ಯಾಲೊರಿ ಲೆಕ್ಕದ ಆ್ಯಪ್‌ನಲ್ಲಿ ‘ಮಸಾಲೆ ದೋಸೆ’ ಎಂದು ಹುಡುಕಿದರೆ ಒಂದೊಂದು ಕಡೆ ಒಂದೊಂದು ಅಂಕಿ ಸಿಗುವುದಕ್ಕೆ ಮುಖ್ಯ ಕಾರಣ ಈ ಜಿಡ್ಡೇ. ಆದ್ದರಿಂದ ಸಿದ್ಧ ಅಂಕಿಯನ್ನು ಆರಿಸದೆ ಹಿಟ್ಟು, ಪಲ್ಯ, ಎಣ್ಣೆಗಳನ್ನು ಬೇರೆ ಬೇರೆಯಾಗಿ ಬರೆದುಕೊಳ್ಳುವುದೇ ಸರಿ. ವಡೆಯ ವಿಷಯದಲ್ಲಿ ಈ ಉಪಾಯ ನಡೆಯದು. ಅದು ಎಷ್ಟು ಎಣ್ಣೆ ಕುಡಿದಿದೆಯೆಂದು ಹೊರಗಿನಿಂದ ತಿಳಿಯದ ಕಾರಣ ಲೆಕ್ಕವನ್ನು ತುಸು ಹೆಚ್ಚಾಗಿಯೇ ಹಿಡಿಯಿರಿ.

ಬಿಲ್ಲಿನಲ್ಲಿ ಬಾರದವನ್ನು ಮರೆಯುವುದೇ ನಾವೆಲ್ಲ ಮಾಡುವ ತಪ್ಪು. ಎರಡನೇ ಸಲ ಹಾಕಿಸಿಕೊಂಡ ಕಾಯಿ ಚಟ್ನಿಯಲ್ಲಿ ತೆಂಗಿನ ಕೊಬ್ಬಿದೆ, ಬಿಸಿಬೇಳೆಬಾತಿನ ಮೇಲಿನ ಬೂಂದಿಯಲ್ಲಿ ಕರಿದ ಎಣ್ಣೆಯಿದೆ. ರಕ್ತದೊತ್ತಡ ಇರುವವರಿಗೆ ಸಾಂಬಾರಿನ ಉಪ್ಪೂ ಮುಖ್ಯ. ದಿನಕ್ಕೆ 5 ಗ್ರಾಂ ಉಪ್ಪು ಎಂಬ ಮಿತಿಯಲ್ಲಿ ಅದೂ ಸೇರುತ್ತದೆ.

ಕೈ ತೊಳೆದ ಕೂಡಲೇ ಬರೆದಿಡಿ, ಸಂಜೆಯ ಹೊತ್ತಿಗೆ ಚಟ್ನಿ ನೆನಪಿನಿಂದ ಜಾರಿರುತ್ತದೆ. ಒಂದೇ ಅಂಕಿಗಿಂತ ‘350ರಿಂದ 400’ ಎಂಬಂತೆ ಬರೆದು, ವಾರದ ಕೊನೆಗೆ ಸರಾಸರಿ ನೋಡುವುದು ಮೇಲು. ಬೈಟು ಕಾಫಿಯನ್ನು ಅರ್ಧವೆಂದು ಬರೆಯುವ ಮುನ್ನ ಮಾತ್ರ ಲೋಟವನ್ನೊಮ್ಮೆ ನೋಡಿ. ಕೆಲವು ಕಡೆ ಆ ಅರ್ಧ ಮುಕ್ಕಾಲಿನ ಹತ್ತಿರವೇ ಇರುತ್ತದೆ.